ವಿದೇಶದ ಅತಿಥಿಗಳಿಗೆ ನಮ್ಮೂರು ತೋರಿಸೋದು: ಒಂದು ತೋಟ, ಒಂದು ಹೊಳೆ ಸಾಕು

ಪ್ರಶ್ನೆ: ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿದೆ. ಅಡಿಕೆ ತೋಟ, ಅದರಲ್ಲೇ ಸ್ವಲ್ಪ ಕಾಳುಮೆಣಸು. ನಾನು ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಜನವರಿ ಕೊನೆಗೆ ನನ್ನ ಜೊತೆ ಕೆಲಸ ಮಾಡುವ ನಾಲ್ವರು ನಮ್ಮೂರಿಗೆ ಬರುತ್ತಿದ್ದಾರೆ, ಆರು ದಿನ ಇರುತ್ತಾರೆ. ಜೋಗ, ಯಾಣ, ಗೋಕರ್ಣ, ಮುರ್ಡೇಶ್ವರ, ದಾಂಡೇಲಿ, ಮುಂಡಗೋಡದ ಟಿಬೆಟನ್ ಕಾಲೊನಿ, ಕಾರವಾರ ಎಂದು ಪಟ್ಟಿ ಮಾಡಿದ್ದೇನೆ. ಇನ್ನೇನಾದರೂ ಸೇರಿಸಬೇಕಾ? ಅವರನ್ನು ಮನೆಯಲ್ಲೇ ಉಳಿಸಿಕೊಳ್ಳುವ ಆಸೆ. ಆದರೆ ಅಪ್ಪ ಅಮ್ಮನಿಗೆ ಊಟದ್ದು, ಭಾಷೆಯದ್ದು ಚಿಂತೆ. ತಂಗಿ ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ, ಅವಳೂ ಜೊತೆಗಿರುತ್ತಾಳೆ. ಹೇಗೆ ಮಾಡೋದು?

ಉತ್ತರ: ಸೇರಿಸುವುದು ಬೇಡ, ತೆಗೆಯಿರಿ. ಅರ್ಧಕ್ಕಿಂತ ಜಾಸ್ತಿ ತೆಗೆಯಿರಿ. ದಾಂಡೇಲಿ ಉತ್ತರಕ್ಕೆ, ಜೋಗ ದಕ್ಷಿಣಕ್ಕೆ, ಮುರ್ಡೇಶ್ವರ ಘಟ್ಟದ ಕೆಳಗೆ, ಕಾರವಾರ ಜಿಲ್ಲೆಯ ಇನ್ನೊಂದು ತುದಿಗೆ. ಆರು ದಿನದಲ್ಲಿ ಇಷ್ಟನ್ನೂ ಮುಗಿಸಲು ಹೊರಟರೆ ನಿಮ್ಮ ಅತಿಥಿಗಳು ದಿನಾ ನಾಲ್ಕೈದು ತಾಸು ಕಾರಿನಲ್ಲೇ ಕೂರಬೇಕು. ನಮ್ಮ ಘಟ್ಟದ ತಿರುವುಗಳು ಅಭ್ಯಾಸ ಇಲ್ಲದವರಿಗೆ ಹೊಟ್ಟೆ ತೊಳಸುವಂಥವು. ಸಂಜೆ ಮನೆಗೆ ಬಂದರೆ ಮಾತಾಡುವ ಚೈತನ್ಯವೂ ಉಳಿದಿರುವುದಿಲ್ಲ.

ಹೊರದೇಶದವರನ್ನು ಶಿರಸಿ, ಸಿದ್ದಾಪುರ, ಕುಮಟೆ ಕಡೆ ಕರೆದುಕೊಂಡು ಓಡಾಡುವುದೇ ನನ್ನ ಕೆಲಸ. ಜಲಪಾತ, ಬೀಚು, ದೊಡ್ಡ ದೇವಸ್ಥಾನ ಇವನ್ನು ಅವರು ಗೋವಾದಲ್ಲೋ ಕೇರಳದಲ್ಲೋ ಬೇರೆ ದೇಶದಲ್ಲೋ ನೋಡಿರುತ್ತಾರೆ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಒಂದು ಮರದ ತಲೆಯಿಂದ ಇನ್ನೊಂದು ಮರಕ್ಕೆ ನೆಲ ಮುಟ್ಟದೆ ದಾಟುವುದನ್ನು ಎಲ್ಲೂ ನೋಡಿರುವುದಿಲ್ಲ. ಅದು ನಿಮ್ಮ ಮನೆಯ ಹಿಂದೆಯೇ ಇದೆ. ಅದಕ್ಕೇ ನನ್ನ ಸಲಹೆ ಇಷ್ಟು: ಒಂದು ತೋಟ, ಒಂದು ಹೊಳೆ. ತೋಟ ನಿಮ್ಮದೇ. ಹೊಳೆ ಅಘನಾಶಿನಿ. ಇವೆರಡನ್ನು ಸರಿಯಾಗಿ ತೋರಿಸಿದರೆ ನಮ್ಮ ಜಿಲ್ಲೆಯ ಅರ್ಧ ಕಥೆ ಅವರಿಗೆ ತಿಳಿಯುತ್ತದೆ.

ಮೊದಲ ದಿನ ಎಲ್ಲೂ ಹೋಗಬೇಡಿ. ಬಂದವರಿಗೆ ಆಸರಿಗೆ (ಕುಡಿಯಲು ಏನಾದರೂ) ಕೊಡಿ, ಬಿಸಿನೀರಿನ ಸ್ನಾನ ಆಗಲಿ, ಮಲಗಲಿ. ಸಂಜೆ ತಂಗಿ ಅವರನ್ನು ಊರಿನ ದಾರಿಯಲ್ಲಿ ಒಂದು ಸುತ್ತು ಹಾಕಿಸಿದರೆ ಸಾಕು.

ಎರಡನೆಯ ದಿನ ಪೂರ್ತಿ ತೋಟಕ್ಕೆ ಇಡಿ. ಜನವರಿ ಕೊನೆ ಅಂದರೆ ಅಡಿಕೆ ಗೊನೆ ಕೊಯ್ಲು ನಡೆಯುತ್ತಿರುವ ಹೊತ್ತು. ನಿಮ್ಮ ತೋಟದಲ್ಲಿ ಆ ವಾರ ಇಲ್ಲದಿದ್ದರೂ ಪಕ್ಕದವರ ತೋಟದಲ್ಲಿ ಇರುತ್ತದೆ, ಅಪ್ಪನಿಗೆ ಹೇಳಿ ಈಗಲೇ ವಿಚಾರಿಸಿಡಿ. ಈಗ ಕೆಲವು ಕಡೆ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ. ಅದನ್ನೂ ತೋರಿಸಿ, ಯಾಕೆ ಬಂತು ಅಂತಲೂ ಹೇಳಿ: ಮರ ಹತ್ತುವವರು ಕಡಿಮೆಯಾಗುತ್ತಿದ್ದಾರೆ, ಹತ್ತುವ ಕೆಲಸದಲ್ಲಿ ಜೀವದ ಅಪಾಯ ಇದೆ. ಮರದ ಮೇಲಿರುವ ಕೊನೆಗೌಡನಿಗೆ ಕೆಳಗಿನಿಂದ ಕೂಗಿ ‘ಈ ಕಡೆ ನೋಡು, ಫೋಟೋ’ ಅನ್ನುವುದಕ್ಕೆ ಮಾತ್ರ ಬಿಡಬೇಡಿ. ಕೆಳಗಿಳಿದ ಮೇಲೆ ಪರಿಚಯ ಮಾಡಿಸಿ, ಒಟ್ಟಿಗೆ ಚಾ ಕುಡಿಯಲಿ. ನಿಮ್ಮವರ ಪ್ರಶ್ನೆಗಳಿಂದ ಅವರ ಕೆಲಸ ಒಂದು ತಾಸು ನಿಂತರೆ ಆ ಹೊತ್ತಿನದ್ದೂ ಸೇರಿಸಿ ಸಂಬಳ ಕೊಡಿ.

ಆಮೇಲೆ ಅಡಿಕೆಯ ದಾರಿಯನ್ನೇ ಹಿಡಿದು ಹೋಗಿ. ಹಸಿ ಅಡಿಕೆ ಸುಲಿಯುವುದು, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಬೇಯಿಸುವುದು, ಒಣಗಿಸುವುದು, ಅದು ಕೆಂಪಗಾಗಿ ರಾಶಿ ಅಡಿಕೆ ಆಗುವುದು. ಇನ್ನೊಂದು ಕಡೆ ಹಣ್ಣಡಿಕೆ ಅಂಗಳದಲ್ಲಿ ತಿಂಗಳಿಗೂ ಮೀರಿ ಬಿಸಿಲಿಗೆ ಬಿದ್ದು ಚಾಲಿ, ಅಂದರೆ ಬಿಳಿ ಅಡಿಕೆ, ಆಗುವುದು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಇದ್ದರೆ ಹೊರಗೆ ತೆಗೆಯಿರಿ, ಅಮ್ಮ ಎರಡು ಅಡಿಕೆ ಸುಲಿದು ತೋರಿಸಲಿ, ಆದರೆ ಅತಿಥಿಗಳ ಕೈಗೆ ಕೊಡುವಾಗ ಹುಷಾರು. ಮರುದಿನ ಪೇಟೆಗೆ ಹೋದಾಗ ಅಡಿಕೆ ವ್ಯಾಪಾರ ನಡೆಯುವ ಜಾಗ ತೋರಿಸಿ. ಮೊದಲೇ ಕೇಳಿಕೊಂಡರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಶಿರಸಿಯ ತೋಟಗಾರರ ಸಹಕಾರಿ ಸಂಘ, ನಾವು ಟಿಎಸ್‌ಎಸ್ ಅನ್ನುವುದು, 1923ರಲ್ಲಿ ಶುರುವಾದದ್ದು. ಬೆಳೆಗಾರರೇ ಸೇರಿ ಕಟ್ಟಿದ ಸಂಘ ನೂರು ವರ್ಷ ದಾಟಿದೆ ಅಂದರೆ ಡಚ್ಚರಿಗೆ ಆಸಕ್ತಿ ಹುಟ್ಟುತ್ತದೆ, ಅವರ ದೇಶದಲ್ಲೂ ರೈತರ ಸಹಕಾರಿ ಸಂಘಗಳಿಗೆ ದೊಡ್ಡ ಇತಿಹಾಸ ಇದೆ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದನ್ನೂ ಹೇಳಿ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಬಂದೇ ಬರುತ್ತದೆ. ‘ಇದನ್ನು ತಿಂದರೆ ಕ್ಯಾನ್ಸರ್ ಬರುತ್ತದಂತೆ, ಹೌದಾ?’ ಮುಚ್ಚಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ. ಇಡೀ ಸೀಮೆಯ ಬದುಕು ಇದೇ ಬೆಳೆಯ ಮೇಲೆ ನಿಂತಿದೆ. ಮೂರೂ ನಿಜ, ಮೂರನ್ನೂ ಹೇಳಿ. ಅಪ್ಪ ಕವಳ (ಎಲೆಅಡಿಕೆ) ಹಾಕುವವರಾದರೆ ಅದನ್ನಿಡುವ ತಬಕು ತೋರಿಸಿ ಹೇಗೆ ಮಡಿಸುತ್ತಾರೆಂದು ಹೇಳಲಿ, ತಿನ್ನಲೇಬೇಕೆಂಬ ಒತ್ತಾಯ ಬೇಡ. ನನಗೆ ಗೊತ್ತಿರುವಂತೆ ಅತಿಥಿಗಳು ಅತ್ಯಂತ ಗೌರವದಿಂದ ಕೇಳುವುದು ಇಂಥ ನೇರ ಉತ್ತರಗಳನ್ನೇ.

ತೋಟದಿಂದ ಹೊರಗೆ ಬಂದು ಸೊಪ್ಪಿನ ಬೆಟ್ಟವನ್ನೂ ತೋರಿಸಿ. ತೋಟ ಯಾಕೆ ಇಷ್ಟು ವರ್ಷ ಫಲ ಕೊಡುತ್ತಿದೆ ಅನ್ನುವುದಕ್ಕೆ ಉತ್ತರ ಅಲ್ಲಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಆದರೆ ಬೆಟ್ಟಕ್ಕೆ ಹೋಗುವ ಮೊದಲು ಒಂದು ಮುಖ್ಯ ವಿಷಯ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ನಮ್ಮ ಕಡೆ, ಅದರಲ್ಲೂ ಸಿದ್ದಾಪುರ ತಾಲೂಕಿನಲ್ಲಿ, ಈಗಲೂ ಇದೆ. ಹರಡುವುದು ಉಣುಗಿನಿಂದ (ಉಣ್ಣಿಯಿಂದ). ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಅಂದರೆ ನಿಮ್ಮವರು ಬರುವ ಹೊತ್ತೇ. ಹೆದರಿಸಬೇಕಿಲ್ಲ, ಹೇಳದೆ ಇರಲೂಬಾರದು. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಸಾಕ್ಸ್ ಒಳಗೆ ಪ್ಯಾಂಟಿನ ತುದಿ. ಆರೋಗ್ಯ ಇಲಾಖೆ ಕೊಡುವ ದೀಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಲಿ. ತರಗೆಲೆ ಮೇಲೆ ಕೂರುವುದು ಬೇಡ. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ. ನಿಮ್ಮ ಸುತ್ತ ಮಂಗ ಸತ್ತ ಸುದ್ದಿ ಇದ್ದರೆ ಆ ದಿಕ್ಕಿನ ಕಾಡಿಗೆ ಕಾಲಿಡಬೇಡಿ. ಊರಿಗೆ ವಾಪಸು ಹೋದ ಮೇಲೆ ಜೋರು ಜ್ವರ, ತಲೆನೋವು ಬಂದರೆ ಎಲ್ಲಿ ಓಡಾಡಿದ್ದೆವು ಅನ್ನುವುದನ್ನು ಅಲ್ಲಿನ ಡಾಕ್ಟರಿಗೆ ಹೇಳಲು ತಿಳಿಸಿ, ಅವರಿಗೆ ಈ ಕಾಯಿಲೆಯ ಹೆಸರೇ ಗೊತ್ತಿಲ್ಲದೆ ಇರಬಹುದು. ಉಂಬಳದ (ಜಿಗಣೆಯ) ಚಿಂತೆ ಜನವರಿಯಲ್ಲಿ ಅಷ್ಟಿಲ್ಲ, ಅದು ಮಳೆಗಾಲದ್ದು.

ಸಂಜೆಗೆ ಆಲೆಮನೆ. ಊರ ಸುತ್ತ ಎಲ್ಲಾದರೂ ಕಬ್ಬಿನ ಗಾಣ ಶುರುವಾಗಿರುತ್ತದೆ. ಕಬ್ಬಿನ ಹಾಲು ಕುಡಿದು, ಮಿರ್ಚಿ ತಿಂದು, ಕೊಪ್ಪರಿಗೆಯಲ್ಲಿ ನೊರೆ ಬೆಲ್ಲ ಏಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ತೊಡೆದೇವು ಮಾಡುವವರು ಸಿಕ್ಕರೆ ಬಿಡಲೇಬೇಡಿ. ಮಗುಚಿಟ್ಟ ಮಡಕೆಯ ಬೆನ್ನ ಮೇಲೆ ಹಿಟ್ಟು ಸವರಿ ಕಾಗದದಷ್ಟು ತೆಳುವಾಗಿ ಎಬ್ಬಿಸುವ ಆ ಕೈಚಳಕ ನೋಡಲು ನನಗೆ ಈಗಲೂ ಬೇಸರ ಬಂದಿಲ್ಲ.

ಈಗ ಹೊಳೆಗೆ ಬರೋಣ. ಅಘನಾಶಿನಿಯ ಒಂದು ಕವಲು ಶಿರಸಿ ಪೇಟೆಯ ಮಗ್ಗುಲಲ್ಲೇ ಹುಟ್ಟುತ್ತದೆ, ಇನ್ನೊಂದು ಮಂಜುಗುಣಿಯಲ್ಲಿ. ಎರಡೂ ಸೇರಿ, ಸಿದ್ದಾಪುರ ತಾಲೂಕಿನ ಹೆಗ್ಗರಣೆ ಹತ್ತಿರ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಬಿದ್ದು, ಘಟ್ಟ ಇಳಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತವೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಪಶ್ಚಿಮ ಘಟ್ಟದಲ್ಲಿ ಇಂಥ ಹೊಳೆಗಳು ಬೆರಳೆಣಿಕೆಯಷ್ಟೇ. ಪಕ್ಕದ ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಇದೆ, ಅದಕ್ಕೇ ಜನವರಿಯಲ್ಲಿ ಜೋಗಕ್ಕೆ ಹೋದರೆ ಕಾಣುವುದು ಹೆಚ್ಚು ಬಂಡೆ, ಕಡಿಮೆ ನೀರು. 253 ಮೀಟರ್ ಎತ್ತರದ ಜೋಗ ಮಳೆಗಾಲದಲ್ಲಿ ನೋಡಬೇಕಾದದ್ದು. ಈ ಸಲ ಬಿಟ್ಟುಬಿಡಿ. ಉಂಚಳ್ಳಿಯಲ್ಲೂ ಜನವರಿಯ ನೀರು ಮಳೆಗಾಲದಷ್ಟಿರುವುದಿಲ್ಲ, ಆದರೆ ಹೊಳೆ ತನ್ನಷ್ಟಕ್ಕೆ ಹರಿಯುತ್ತಿರುತ್ತದೆ. ಕಾಡಿನ ನಡುವೆ ಮೆಟ್ಟಿಲಿಳಿದು ನೋಡಬಹುದು. ಬ್ರಿಟಿಷ್ ಅಧಿಕಾರಿ ಲಷಿಂಗ್ಟನ್ ಹೆಸರಲ್ಲೂ ಅದನ್ನು ಕರೆಯುತ್ತಾರೆ, ನಮ್ಮವರಿಗೆ ಅದು ಕೆಪ್ಪ ಜೋಗ. ಬೆಳಿಗ್ಗೆ ಬೇಗ ಹೋಗಿ, ಶನಿವಾರ ಭಾನುವಾರ ತಪ್ಪಿಸಿ.

ಇನ್ನೊಂದು ದಿನ ಬನವಾಸಿ ಮತ್ತು ಸಹಸ್ರಲಿಂಗ. ಬೆಳಿಗ್ಗೆ ತಂಪಿರುವಾಗ ಬನವಾಸಿ, ಕದಂಬರ ರಾಜಧಾನಿ, ವರದಾ ಹೊಳೆ ದಡದ ಮಧುಕೇಶ್ವರ ದೇವಸ್ಥಾನ. ಇತಿಹಾಸದ ಪಾಠ ಉದ್ದ ಮಾಡಬೇಡಿ. ನಾಲ್ಕನೆಯ ಶತಮಾನದಲ್ಲಿ ಕನ್ನಡ ನಾಡಿನ ಮೊದಲ ದೊಡ್ಡ ರಾಜಮನೆತನ ಇಲ್ಲಿಂದ ಆಳಿತು ಅಂದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ. ಮಧ್ಯಾಹ್ನ ಮನೆಗೆ ಬಂದು ಊಟ, ನಿದ್ದೆ. ಬಿಸಿಲಿಳಿದ ಮೇಲೆ ಶಾಲ್ಮಲಾ ಹೊಳೆಯ ಸಹಸ್ರಲಿಂಗ. ಮಳೆಗಾಲದಲ್ಲಿ ನೀರಿನಡಿ ಹೋಗುವ ಲಿಂಗಗಳು ಜನವರಿಯಲ್ಲಿ ಚೆನ್ನಾಗಿ ಕಾಣುತ್ತವೆ. ಬಂಡೆ ಜಾರುತ್ತದೆ, ಲಿಂಗ ಕೆತ್ತಿದ ಕಲ್ಲನ್ನು ತುಳಿಯಬಾರದು ಅನ್ನುವುದನ್ನು ಇಳಿಯುವ ಮೊದಲೇ ಹೇಳಿ. ಅಂದಹಾಗೆ ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಫೆಬ್ರವರಿ ಮಾರ್ಚ್ ಸುಮಾರಿಗೆ, ನಿಮ್ಮವರಿಗೆ ಸಿಗುವುದಿಲ್ಲ. ದೇವಸ್ಥಾನ ಹೇಗೂ ಪೇಟೆಯಲ್ಲೇ ಇದೆ, ಒಂದು ಹೊತ್ತು ಹೋಗಿಬನ್ನಿ.

ಕೊನೆಯ ಎರಡು ದಿನ ಘಟ್ಟ ಇಳಿಯಿರಿ. ದೇವಿಮನೆ ಘಟ್ಟದ ರಸ್ತೆ ತೆರೆದಿದೆಯಾ ಎಂದು ಹಿಂದಿನ ದಿನ ವಿಚಾರಿಸಿ, ಆ ದಾರಿಯಲ್ಲಿ ಕೆಲಸ ನಡೆದಾಗ ಬೇರೆ ಕಡೆಯಿಂದ ಸುತ್ತಬೇಕಾಗುತ್ತದೆ. ನಡುವೆ ಯಾಣ. 120 ಮೀಟರ್‌ನ ಭೈರವೇಶ್ವರ ಶಿಖರ, 90 ಮೀಟರ್‌ನ ಮೋಹಿನಿ ಶಿಖರ, ಸುತ್ತ ಹಸಿರು ಕಾಡು, ನಡುವೆ ಕಪ್ಪು ಸುಣ್ಣಕಲ್ಲಿನ ಬಂಡೆಗಳು. ಬಂಡೆಯ ಒಳಗೆ ಬರಿಗಾಲಲ್ಲಿ ನಡೆಯಬೇಕು, ಬಿಸಿಲೇರುವ ಮೊದಲು ತಲುಪಿ. ಭಸ್ಮಾಸುರನ ಕಥೆಯನ್ನು ತಂಗಿ ಹೇಳಲಿ.

ಅಲ್ಲಿಂದ ಮಿರ್ಜಾನ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿದ ಕೋಟೆ ಇದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ನಾನು ತೋಟ ಮೊದಲು, ಕೋಟೆ ಆಮೇಲೆ ಅನ್ನುವುದು ಇದಕ್ಕೇ. ಮೂರು ದಿನ ಮೊದಲು ನಿಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮುಟ್ಟಿ, ಹಸಿ ಕಾಳು ಕಚ್ಚಿ ನೋಡಿದವರಿಗೆ ಈ ಕೆಂಪು ಕಲ್ಲಿನ ಗೋಡೆಗಳ ಅರ್ಥ ತಾನಾಗಿ ಆಗುತ್ತದೆ. ಡಚ್ಚರಂತೂ ಇದೇ ಮೆಣಸಿಗಾಗಿ ನಮ್ಮ ಪಶ್ಚಿಮ ಕರಾವಳಿಗೆ ಹಡಗು ತಂದವರು. ಅವರ ಊರಿನ ಇತಿಹಾಸ ಮತ್ತು ನಿಮ್ಮ ಮನೆಯ ಬಳ್ಳಿ ಒಂದೇ ಕಥೆಗೆ ಸೇರಿದ್ದು. ಇದನ್ನು ಯಾವ ಟೂರ್ ಬಸ್ಸೂ ತೋರಿಸುವುದಿಲ್ಲ.

ಕೋಟೆಯಿಂದ ಸ್ವಲ್ಪ ದೂರದಲ್ಲೇ ಅಘನಾಶಿನಿ ಅಗಲವಾಗಿ ಸಮುದ್ರದ ಕಡೆ ಹೋಗುತ್ತದೆ. ಈ ಅಳಿವೆಗೆ 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಇಳಿತದ ಹೊತ್ತಿಗೆ ಹೋಗಬೇಕು. ನೀರು ಇಳಿದಾಗ ಹೆಂಗಸರು, ಗಂಡಸರು ಹೊಳೆಗಿಳಿದು ಬಳಚು (ಚಿಪ್ಪುಮೀನು) ಆರಿಸುತ್ತಾರೆ, ಹಕ್ಕಿಗಳೂ ಆಗಲೇ ಕಾಣುವುದು. ಇಳಿತದ ವೇಳೆ ದಿನಕ್ಕೆ ಮುಕ್ಕಾಲು ತಾಸಿಗಿಂತ ಸ್ವಲ್ಪ ಜಾಸ್ತಿಯೇ ಮುಂದೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆ ಸುಮಾರಿಗೆ ನೀರು ಹೆಚ್ಚು ಇಳಿಯುತ್ತದೆ. ದಡದ ಊರಿನವರಿಗೆ ಫೋನ್ ಮಾಡಿದರೆ ಗಂಟೆ ಸಮೇತ ಹೇಳುತ್ತಾರೆ. ಗಜನಿ ಗದ್ದೆಗಳನ್ನೂ ತೋರಿಸಿ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗದ್ದೆಗಳು ಅವು. ಜನವರಿಯಲ್ಲಿ ಪೈರು ಇರುವುದಿಲ್ಲ, ಆದರೆ ಸಮುದ್ರದ ನೀರನ್ನು ಕಟ್ಟೆ ಕಟ್ಟಿ ತಡೆದು ಬೇಸಾಯ ಮಾಡುವ ವಿಷಯ ಡಚ್ಚರಿಗೆ ಹೇಳಿ ನೋಡಿ, ಅವರು ನಿಮ್ಮನ್ನು ಅಲ್ಲಿಂದ ಏಳಲು ಬಿಡುವುದಿಲ್ಲ. ಅವರ ದೇಶದ ನಾಲ್ಕನೆಯ ಒಂದು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಆಮೇಲೆ ತದಡಿಯಿಂದ ದೋಣಿ ಹತ್ತಿ ಅಘನಾಶಿನಿ ಊರಿಗೆ ದಾಟಿ.

ರಾತ್ರಿ ಗೋಕರ್ಣದಲ್ಲೋ ಕುಮಟೆಯಲ್ಲೋ ಉಳಿಯಿರಿ. ಮೀನು ತಿನ್ನುವವರಿಗೆ ಇಲ್ಲಿ ತಿನ್ನಿಸಿ. ಬಂಗಡೆ, ಇಸ್ವಾಣ, ಸಿಗಡಿ ಎಲ್ಲ ಸಿಗುತ್ತದೆ, ಮೀನುಗಾರಿಕೆ ನಿಲ್ಲುವುದು ಜೂನ್ ಜುಲೈಯಲ್ಲಿ ಮಾತ್ರ. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನದ ಗರ್ಭಗುಡಿಗೆ ವಿದೇಶೀಯರನ್ನು ಬಿಡುವುದಿಲ್ಲ. ಬಾಗಿಲಿಗೆ ಹೋಗಿ ತಡೆಸಿಕೊಳ್ಳುವ ಬದಲು ಮನೆಯಲ್ಲೇ ಹೇಳಿಡಿ. ಸಮುದ್ರ ಶಾಂತವಾಗಿ ಕಂಡರೂ ಸೆಳೆತ ಇರುತ್ತದೆ, ಲೈಫ್ ಗಾರ್ಡ್ ಇರುವ ಕಡೆ ಮಾತ್ರ ಈಜಲಿ. ಯಕ್ಷಗಾನದ ಕಾಲವೂ ಇದೇ. ಇಡೀ ರಾತ್ರಿ ಬೇಡ, ಕಾಲಮಿತಿ ಆಟ ಇದ್ದರೆ ನೋಡಿ. ಕೇಳಿಕೊಂಡು ಕಲಾವಿದರು ವೇಷ ಕಟ್ಟುವ ಚೌಕಿಗೆ ಮೊದಲೇ ಕರೆದುಕೊಂಡು ಹೋಗಿ ಬಣ್ಣ ಹಚ್ಚುವುದನ್ನು, ಮುಂಡಾಸು ಕಟ್ಟುವುದನ್ನು ತೋರಿಸಿ. ಕಥೆ ಮೊದಲೇ ಗೊತ್ತಿದ್ದರೆ ಎರಡು ತಾಸು ಆರಾಮಾಗಿ ಕೂರುತ್ತಾರೆ.

ನಿಮ್ಮ ಪಟ್ಟಿಯ ಮುಂಡಗೋಡವೂ ಬೇಡ. ಯಾಕೆ ಅಂದರೆ, ಆ ಟಿಬೆಟನ್ ನೆಲೆಯಲ್ಲಿ ಉಳಿಯಲು ವಿದೇಶೀಯರಿಗೆ ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಗಿ ಬೇಕು. ಅರ್ಜಿ ತಿಂಗಳುಗಟ್ಟಲೆ ಮೊದಲೇ ಹಾಕಬೇಕು. ಕಾರವಾರ ದೂರ, ಆದರೆ ಗೋವಾ ಕಡೆಯಿಂದ ವಾಪಸು ಹೋಗುವುದಾದರೆ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಆ ಕಡೆಗೆ ಕ್ಯಾಮೆರಾ ತೆಗೆಯುವಂತಿಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದ ಹತ್ತಿರವೂ ಅಷ್ಟೇ.

ಯಲ್ಲಾಪುರದ ಸಿದ್ದಿ, ಅಂಕೋಲೆಯ ಹಾಲಕ್ಕಿ ಸಮುದಾಯದವರನ್ನು ‘ತೋರಿಸಲು’ ಯಾರಾದರೂ ಹೇಳಿದರೆ ಒಪ್ಪಬೇಡಿ. ಜನರ ಮನೆ ನೋಡುವ ಜಾಗ ಅಲ್ಲ. ಅವರಲ್ಲಿ ನಿಮಗೆ ಸ್ನೇಹಿತರಿದ್ದು ಅವರೇ ಕರೆದರೆ ಬೇರೆ ಮಾತು. ಪದ್ಮಶ್ರೀ ಪಡೆದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಇಬ್ಬರೂ ಅಂಕೋಲಾ ತಾಲೂಕಿನ ಹಾಲಕ್ಕಿ ಹೆಣ್ಣುಮಕ್ಕಳು, ಒಬ್ಬರು ಲೆಕ್ಕವಿಲ್ಲದಷ್ಟು ಗಿಡ ನೆಟ್ಟವರು, ಇನ್ನೊಬ್ಬರು ಹಾಡುಗಳ ಕಣಜ. ಈಗ ಇಬ್ಬರೂ ಇಲ್ಲ. ಅವರ ಬದುಕಿನ ಬಗ್ಗೆ ರಾತ್ರಿ ಜಗಲಿಯಲ್ಲಿ ಕೂತು ಹೇಳಿ.

ಅವರು ಟಿಕೆಟ್ ಮಾಡುವ ಹೊತ್ತಿಗೇ ಹೇಳಬೇಕಾದ ಮಾತುಗಳಿವೆ. ಡ್ರೋನ್ ತರುವುದು ಬೇಡ, ವಿದೇಶದಿಂದ ಡ್ರೋನ್ ತರುವುದಕ್ಕೆ 2022ರಿಂದ ನಿಷೇಧ ಇದೆ. ಸ್ಯಾಟಲೈಟ್ ಫೋನ್ ಕೂಡ ಬೇಡ. ಚಾರಣಕ್ಕೆ ಹೋಗುವವರು ಬ್ಯಾಗಿಗೆ ಸಿಕ್ಕಿಸಿಕೊಳ್ಳುವ ಸ್ಯಾಟಲೈಟ್ ಸಂದೇಶ ಯಂತ್ರಗಳೂ ಇದರಲ್ಲೇ ಬರುತ್ತವೆ, ಪರವಾನಗಿ ಇಲ್ಲದೆ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ನಿಮ್ಮ ಕಡೆಯಿಂದ ಮಾಡಬೇಕಾದ್ದು, ಎಲ್ಲರೂ ಸಿ ಫಾರ್ಮ್ ಅನ್ನುವ ಮಾಹಿತಿ. ವಿದೇಶೀಯರನ್ನು ಮನೆಯಲ್ಲಿ ಉಳಿಸಿಕೊಂಡವರು 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ದುಡ್ಡು ತೆಗೆದುಕೊಳ್ಳದಿದ್ದರೂ ಇದು ಬೇಕು. ಖಾತೆ ತೆರೆಯಲು ಹೊತ್ತು ಹಿಡಿಯುತ್ತದೆ, ತಂಗಿಗೆ ಈಗಲೇ ಹೇಳಿ. ಹತ್ತಿರದ ಠಾಣೆಗೂ ಒಮ್ಮೆ ಹೋಗಿ ಹೇಳಿ ಬಂದರೆ ಒಳ್ಳೆಯದು.

ಅಮ್ಮನ ಚಿಂತೆಗೆ ಉತ್ತರ ಸುಲಭ. ಬೇರೆ ಅಡುಗೆ ಬೇಡವೇ ಬೇಡ. ನಮ್ಮ ಕಡೆಯ ಊಟ ಖಾರ ಕಡಿಮೆ, ಅದೇ ಅವರಿಗೆ ಹಿಡಿಸುತ್ತದೆ. ತೆಳ್ಳೇವಿಗೆ (ತೆಳು ದೋಸೆಗೆ) ಜೋನಿಬೆಲ್ಲ ತುಪ್ಪ, ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ. ಒಂದೇ ಎಚ್ಚರ, ಕುಡಿಯುವ ನೀರನ್ನು ಕುದಿಸಿ ಕೊಡುವ ಮನೆಯಲ್ಲೂ ತಂಬುಳಿ ಬೀಸುವಾಗ, ಮಜ್ಜಿಗೆಗೆ ಬೆರೆಸುವಾಗ ಬಾವಿ ನೀರು ಹಾಕುವುದು ರೂಢಿ. ಅಲ್ಲಿಗೂ ಕುದಿಸಿ ಆರಿಸಿದ ನೀರನ್ನೇ ಹಾಕಲಿ. ಮೇಲಿಂದ ಮೇಲೆ ಬಡಿಸಿ ಒತ್ತಾಯ ಮಾಡುವುದು ಬೇಡ, ಬೇಡ ಅಂದರೆ ಅವರು ನಿಜವಾಗಿ ಬೇಡ ಅನ್ನುತ್ತಿದ್ದಾರೆ. ದೇವರ ಕೋಣೆಗೆ, ಅಡುಗೆಮನೆಗೆ ಬರಬಹುದಾ ಅನ್ನುವುದನ್ನು ಅಮ್ಮನನ್ನೇ ಕೇಳಿ. ಅವರು ಹೇಳಿದ್ದೇ ಕೊನೆ, ಅತಿಥಿಗಳಿಗೆ ಮೊದಲ ದಿನವೇ ತಿಳಿಸಿ. ಮಲಗಲು ಸೊಳ್ಳೆಪರದೆ, ಕಮೋಡ್ ಇರುವ ಶೌಚಾಲಯ, ಬಾಗಿಲಿಗೆ ಚಿಲಕ, ಇಷ್ಟಿದ್ದರೆ ಹೋಟೆಲಿನ ಬೇರೆ ಯಾವ ಸೌಕರ್ಯವೂ ಬೇಕಿಲ್ಲ. ಊರವರು ನೋಡಲು ಬರುತ್ತಾರೆ, ಸಹಜ. ಒಂದು ಸಂಜೆ ಎಲ್ಲರನ್ನೂ ಕರೆದು ಕಷಾಯ, ಅವಲಕ್ಕಿ ಕೊಡಿ. ಉಳಿದ ಹೊತ್ತು ಅವರನ್ನು ಅವರಷ್ಟಕ್ಕೆ ಬಿಡಿ. ಭಾಷೆಯ ಕೆಲಸ ತಂಗಿಗೆ ಒಪ್ಪಿಸಿ. ಅವಳಿಗೆ ದಿನವಿಡೀ ಮಾತು ತಿರುಗಿಸುವ ದಣಿವು ಆಗುತ್ತದೆ, ಮಧ್ಯಾಹ್ನ ಎರಡು ತಾಸು ಬಿಡುವು ಕೊಡಿ.

ಹೊರಡುವಾಗ ಅಮ್ಮ ತುಪ್ಪದ ಬಾಟಲಿ ಕಟ್ಟಿಕೊಡಲು ಹೊರಟರೆ ತಡೆಯಿರಿ. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯಲು ಬಿಡುವುದಿಲ್ಲ, ತಾಜಾ ಹಣ್ಣು, ಗಿಡಕ್ಕೂ ಕಾಗದಪತ್ರ ಬೇಕು. ನಿಮ್ಮ ತೋಟದ್ದೇ ಒಣಗಿದ ಕಾಳುಮೆಣಸು ಕಾಲು ಕಿಲೋ, ಸ್ವಲ್ಪ ಹಲಸಿನ ಹಪ್ಪಳ ಕೊಡಿ. ಹಪ್ಪಳ ಹೇಗೆ ಕರಿಯಬೇಕು ಅನ್ನುವುದನ್ನು ತಂಗಿ ಇಂಗ್ಲಿಷಿನಲ್ಲಿ ಬರೆದು ಒಳಗೆ ಹಾಕಲಿ.